ಚಿಗವ್ವಗೆ ‘ಕರೆಂಟ್’ ಕೊಡಿಸಿದ್ದು

ಬನಹಟ್ಟಿಯ ನಮ್ಮ ಚಿಗವ್ವ ಮಗ್ಗದ ಸದ್ದನ್ನೂ ಮೀರಿಸಿ ಮಾತಾಡುವವಳು. ಅಂಥವಳು ಒಂದು ಬೇಸಿಗೆಯಲ್ಲಿ ಮಾತು ಬಿಟ್ಟಳು. ಆಮೇಲೆ ರೊಟ್ಟಿ ಬಿಟ್ಟಳು. ಕೊನೆಗೆ ನೀರನ್ನೂ ಬಿಟ್ಟು ಕಲ್ಲಿನ ಹಾಗೆ ಕೂತಳು. ಖಿನ್ನತೆಯ ಮಾತ್ರೆ ಹಿಡಿತಕ್ಕೆ ಬರಲು ವಾರಗಳು ಬೇಕು. ಅಷ್ಟು ದಿನ ನಮ್ಮ ಕೈಯಲ್ಲಿ ಇರಲಿಲ್ಲ. ಧಾರವಾಡದ ಡಾಕ್ಟರು ಇಸಿಟಿ, ಅಂದರೆ ತಲೆಗೆ ಕರೆಂಟ್ ಹರಿಸುವ ಚಿಕಿತ್ಸೆ ಕೊಡೋಣ ಅಂದರು. “ಕರೆಂಟ್ ಕೊಡ್ತೀರೇನ್ರೀ ಸಾಹೇಬ್ರ?” ಅಂತ ಕಾಕಾ ಅಲ್ಲೇ ನೆಲಕ್ಕೆ ಕೂತುಬಿಟ್ಟ.

ಆ ಹೆದರಿಕೆ ಸುಮ್ನೆ ಬಂದದ್ದಲ್ಲ. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ಡಾಕ್ಟರುಗಳು ಇದನ್ನು ಶುರು ಮಾಡಿದಾಗ ಅರಿವಳಿಕೆ ಕೊಡುತ್ತಿರಲಿಲ್ಲ. ಮೈ ಸೆಳೆದ ರಭಸಕ್ಕೆ ಕೆಲವರ ಮೂಳೆ ಮುರಿಯುತ್ತಿತ್ತು. ಸಿನಿಮಾದಲ್ಲಿ ನಾವು ನೋಡಿದ್ದು ಅದನ್ನೇ ಅಲ್ವಾ? ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆ ಹಾಗೆ ಅರಿವಳಿಕೆ ಇಲ್ಲದೆ ಕೊಡುವುದನ್ನು ನಿಷೇಧಿಸಿದೆ.

ಈಗ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದೊಯ್ಯುತ್ತಾರೆ. ಇಂಜೆಕ್ಷನ್ ಕೊಟ್ಟು ಮಲಗಿಸುತ್ತಾರೆ. ಸ್ನಾಯು ಸಡಿಲಿಸುವ ಔಷಧ, ಆಕ್ಸಿಜನ್ ಎರಡೂ ಇರುತ್ತವೆ. ಕರೆಂಟ್ ಹರಿಯುವುದು ಕೆಲವೇ ಸೆಕೆಂಡು. ಅದರಿಂದ ಮಿದುಳಿನಲ್ಲಿ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುವ ಫಿಟ್ಸ್ ಏಳುತ್ತದೆ. ಮೈ ಹೆಚ್ಚು ಅಲುಗುವುದಿಲ್ಲ, ನೋವೂ ಗೊತ್ತಾಗುವುದಿಲ್ಲ. ಗುಣ ಕೊಡುವುದು ಆ ಫಿಟ್ಸ್. ಕರೆಂಟ್ ಅದನ್ನು ಎಬ್ಬಿಸುತ್ತದೆ, ಅಷ್ಟೇ. ವಾರಕ್ಕೆ ಎರಡು ಮೂರು ಸಲದಂತೆ ಒಟ್ಟು 6ರಿಂದ 12 ಸಲ ಕೊಡುವುದು ವಾಡಿಕೆ. ಚಿಗವ್ವ ನಾಲ್ಕನೆಯದು ಮುಗಿದ ಸಂಜೆ ಚಹಾ ಕೇಳಿದಳು. ಕಾಕಾ ಹೊರಗೆ ಹೋಗಿ ಅತ್ತ.

ಆದರೆ ನೆನಪಿನ ವಿಷಯ ಮುಚ್ಚಿಡಬಾರದು. ತಲೆನೋವು, ಗಲಿಬಿಲಿ ಸಾಮಾನ್ಯವಾಗಿ ಬೇಗ ಹೋಗುತ್ತವೆ. ಹೊಸ ವಿಷಯ ನೆನಪಿಟ್ಟುಕೊಳ್ಳುವ ಶಕ್ತಿಯೂ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಮರಳುತ್ತದೆ. ಚಿಕಿತ್ಸೆಯ ಆಸುಪಾಸಿನ ದಿನಗಳ ನೆನಪು ಮಾತ್ರ ಕೆಲವರಿಗೆ ಮರಳುವುದೇ ಇಲ್ಲ. ಕಾಯಿಲೆಗೆ ಮೊದಲು ತಾನೇ ನೇಯ್ದ ಸೀರೆಯೊಂದನ್ನು ಚಿಗವ್ವ ಇವತ್ತಿಗೂ “ಇದು ಯಾರು ನೇದದ್ದ?” ಅಂತ ಕೇಳುತ್ತಾಳೆ. ಸಹಿ ಹಾಕುವ ಮುಂಚೆ ಇದನ್ನು ಡಾಕ್ಟರ ಹತ್ತಿರ ಬಿಡಿಸಿ ಕೇಳಿ. ತಲೆಯ ಒಂದೇ ಬದಿಗೆ ಕೊಟ್ಟರೆ ಮರೆವು ಕಡಿಮೆ. ಅದು ಇವರಿಗೆ ಆಗುತ್ತದಾ, ಎಷ್ಟು ಸಲ ಬೇಕು, ಬೇರೆ ದಾರಿ ಏನಿದೆ, ಎಲ್ಲವನ್ನೂ ಕೇಳಿ. ಅರ್ಥ ಮಾಡಿಕೊಂಡು ನಿರ್ಧರಿಸುವ ಸ್ಥಿತಿಯಲ್ಲಿ ರೋಗಿ ಇದ್ದರೆ ಒಪ್ಪಿಗೆ ಅವರದೇ ಆಗಿರಬೇಕು. ಬೇಡ ಅನ್ನುವ ಹಕ್ಕೂ ಅವರದೇ. 18 ತುಂಬದವರಿಗಾದರೆ ಪಾಲಕರ ಒಪ್ಪಿಗೆಯ ಜೊತೆಗೆ ಆ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು.

ಇಸಿಟಿ ಮುಗಿದ ಮೇಲೆ ಮಾತ್ರೆ ಬಿಟ್ಟರೆ ಕಾಯಿಲೆ ಮರುಕಳಿಸುವುದು ಜಾಸ್ತಿ. ಚಿಗವ್ವ ರಾತ್ರಿ ಊಟ ಆದ ಕೂಡಲೇ ತಾನೇ ಎದ್ದು ಗೂಡಿನಿಂದ ಮಾತ್ರೆ ಡಬ್ಬಿ ಇಳಿಸುತ್ತಾಳೆ.