ಎಂಟನೇ ಸೀಡ್‌ಗೆ ಇನ್ನೊಂದು ಕಪ್ ಸಿಗುತ್ತಾ?

1985ರ ಏಪ್ರಿಲ್ 1. ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್. ಒಂದು ಕಡೆ ಜಾರ್ಜ್‌ಟೌನ್. ಹಿಂದಿನ ವರ್ಷದ ಚಾಂಪಿಯನ್, ಏಳಡಿ ಎತ್ತರದ ಪ್ಯಾಟ್ರಿಕ್ ಯೂಯಿಂಗ್ ಇದ್ದ ತಂಡ. ಆ ವರ್ಷ ಅಲ್ಲಿಯವರೆಗೆ ಸೋತಿದ್ದು ಬರೀ ಎರಡು ಪಂದ್ಯ. ಇನ್ನೊಂದು ಕಡೆ ಫಿಲಡೆಲ್ಫಿಯಾ ಪಕ್ಕದ ವಿಲನೋವಾ. ಟೂರ್ನಿಗೆ ಬರುವಷ್ಟರಲ್ಲೇ ಹತ್ತು ಪಂದ್ಯ ಸೋತಿದ್ದ ತಂಡ ಅದು. ಆ ಹತ್ತರಲ್ಲಿ ಎರಡು ಇದೇ ಜಾರ್ಜ್‌ಟೌನ್ ಕೈಯಲ್ಲಿ. ಕೊನೆಗೆ ಸ್ಕೋರು: ವಿಲನೋವಾ 66, ಜಾರ್ಜ್‌ಟೌನ್ 64.

ಇಂಥ ಗೆಲುವು ಬಂದರೆ ಮರುದಿನದಿಂದಲೇ ಜನ ಕೇಳುವುದು ಒಂದೇ ಪ್ರಶ್ನೆ. ಮುಂದಿನ ವರ್ಷವೂ ಹೀಗೇ ಆಗುತ್ತಾ? ಆ ಹುಡುಗರಲ್ಲಿ ಛಲ ಇದೆ, ಯಾಕಾಗಬಾರದು ಅನ್ನುವವರು ಒಂದಷ್ಟು ಜನ. ಸುಮ್ನೆ ಲಾಟರಿ ಹೊಡೀತು ಅಷ್ಟೇ ಅನ್ನುವವರು ಇನ್ನಷ್ಟು ಜನ. ಲೆಕ್ಕ ಹಾಕಿ ನೋಡಿದರೆ ಎರಡು ಕಡೆಯವರ ಮಾತಿನಲ್ಲೂ ಹುರುಳಿದೆ. ಯಾರದು ಎಷ್ಟು ಪಾಲು ಅನ್ನೋದು ಮಾತ್ರ ನೋಡಬೇಕಾದ ವಿಷಯ.

ಮೊದಲು ಟೂರ್ನಿಯ ಸ್ವರೂಪ. ಆ ವರ್ಷ ಮೊದಲ ಸಲ 64 ತಂಡಗಳನ್ನು ಸೇರಿಸಿದರು. ನಾಲ್ಕು ವಿಭಾಗ, ಒಂದೊಂದರಲ್ಲಿ 16 ತಂಡ. ಬಲದ ಪ್ರಕಾರ 1ರಿಂದ 16ರವರೆಗೆ ನಂಬರ್ ಕೊಡುತ್ತಾರೆ, ಅದಕ್ಕೆ ಸೀಡ್ ಅನ್ನುತ್ತಾರೆ. ವಿಲನೋವಾ 8ನೇ ಸೀಡ್. ಒಂದು ಪಂದ್ಯ ಸೋತರೆ ಗಂಟುಮೂಟೆ ಕಟ್ಟಬೇಕು. ಕಪ್ ಬೇಕು ಅಂದರೆ ಸತತವಾಗಿ ಆರು ಗೆಲ್ಲಬೇಕು.

ಈ 'ಸತತವಾಗಿ ಆರು' ಅನ್ನೋದು ಕೇಳಿದಷ್ಟು ಸಲೀಸಲ್ಲ. ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ 90% ಇರುವ ಭಾರೀ ತಂಡವೊಂದು ಇದೆ ಅಂದುಕೊಳ್ಳಿ. ಅದಕ್ಕೂ ಕಪ್ ಸಿಗುವ ಸಾಧ್ಯತೆ 53% ಮಾತ್ರ. 0.9 ಅನ್ನು ಆರು ಸಲ ಗುಣಿಸಿ, ನಿಮಗೇ ಗೊತ್ತಾಗುತ್ತದೆ. 70% ತಂಡಕ್ಕೆ ಸುಮಾರು 12%. ಸೋಲು ಗೆಲುವು ಸಮಸಮ ಇರುವ ತಂಡಕ್ಕೆ 64ರಲ್ಲಿ ಒಂದು. ಅಂದರೆ ಈ ಟೂರ್ನಿಯಲ್ಲಿ ಬಲಿಷ್ಠ ತಂಡ ಮುಗ್ಗರಿಸುವುದು ವಿಶೇಷವೇನಲ್ಲ. ಟೂರ್ನಿ ಇರುವುದೇ ಹಾಗೆ.

ವಿಲನೋವಾ ಬಂದ ದಾರಿ ನೋಡಿ. ಡೇಟನ್ ವಿರುದ್ಧ 51-49, ಅದೂ ಡೇಟನ್‌ನವರ ಸ್ವಂತ ಅಂಗಳದಲ್ಲಿ. ಮಿಷಿಗನ್ ವಿರುದ್ಧ 59-55. ಮೇರಿಲ್ಯಾಂಡ್ ವಿರುದ್ಧ 46-43. ನಾರ್ತ್ ಕೆರೊಲಿನಾವನ್ನು 12 ಅಂಕದಿಂದ, ಮೆಂಫಿಸ್ ಸ್ಟೇಟ್ ಅನ್ನು 7 ಅಂಕದಿಂದ ಸೋಲಿಸಿದರು. ಆಮೇಲೆ ಫೈನಲ್‌ನಲ್ಲಿ ಎರಡಂಕ. ಆರು ಪಂದ್ಯಗಳಲ್ಲಿ ನಾಲ್ಕು, ನಾಲ್ಕು ಅಂಕ ಅಥವಾ ಅದಕ್ಕಿಂತ ಕಡಿಮೆ ಅಂತರದವು. ಡೇಟನ್‌ನಲ್ಲಿ ಒಂದೆರಡು ಚೆಂಡು ರಿಂಗಿಗೆ ಬಡಿದು ಆಚೆ ಬಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಫೈನಲ್ ಅಂತೂ ಇನ್ನೂ ಮಜಾ. ವಿಲನೋವಾ ಆಡಿದ ಶಾಟ್, ಅಂದರೆ ಬುಟ್ಟಿಗೆ ಗುರಿಯಿಟ್ಟು ಎಸೆದ ಚೆಂಡು, ಒಟ್ಟು 28. ಒಳಗೆ ಬಿದ್ದಿದ್ದು 22. ಬೆಂಚಿನಿಂದ ಎದ್ದು ಬಂದ ಹೆರಾಲ್ಡ್ ಜೆನ್ಸನ್ ಐದು ಶಾಟ್ ಆಡಿದ, ಐದೂ ಒಳಗೆ. ದ್ವಿತೀಯಾರ್ಧದಲ್ಲಿ ತಂಡ ಆಡಿದ ಹತ್ತು ಶಾಟ್‌ಗಳಲ್ಲಿ ತಪ್ಪಿದ್ದು ಒಂದೇ. ಸಾಮಾನ್ಯವಾಗಿ ಅರ್ಧದಷ್ಟು ಶಾಟ್ ಒಳಗೆ ಹಾಕುವ ತಂಡ 28ರಲ್ಲಿ 22 ಅಥವಾ ಅದಕ್ಕಿಂತ ಜಾಸ್ತಿ ಹಾಕುವ ಸಾಧ್ಯತೆ ಎಷ್ಟು? ಪ್ರತಿ ಶಾಟನ್ನೂ ನಾಣ್ಯ ಚಿಮ್ಮಿದಂತೆ ಎಣಿಸಿದರೆ ಸುಮಾರು 540ರಲ್ಲಿ ಒಂದು. ಕಷ್ಟ, ಆದರೆ ಅಸಾಧ್ಯವೇನಲ್ಲ. ಈಗ ಅದೇ ತಂಡ ದುಪ್ಪಟ್ಟು, ಅಂದರೆ 56 ಶಾಟ್ ಆಡಿ ಅದೇ ಪ್ರಮಾಣದಲ್ಲಿ 44 ಹಾಕಬೇಕು ಅನ್ನಿ. ಸಾಧ್ಯತೆ ಹೆಚ್ಚುಕಡಿಮೆ ಲಕ್ಷಕ್ಕೆ ಒಂದು!

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಚುಕಿದರೆ ಸಾಕು, ಯಾಕಂದರೆ ಪಾತ್ರೆಯ ಎಲ್ಲ ಅಗುಳೂ ಹೆಚ್ಚುಕಡಿಮೆ ಒಂದೇ ಥರ. ಆಟದಲ್ಲಿ ಈ ಮಾತು ನಡೆಯಲ್ಲ. ಎಣಿಸಿದ ಶಾಟ್‌ಗಳು ಕಡಿಮೆಯಾದಷ್ಟೂ ಅದೃಷ್ಟದ ಆಟ ಜಾಸ್ತಿ. ಶಾಟ್‌ಗಳು ಹೆಚ್ಚಾದಷ್ಟೂ ನಿಜವಾದ ಬಲ ಮೇಲೆ ಬರುತ್ತದೆ. ಆ ಸೀಸನ್‌ನವರೆಗೆ ಕಾಲೇಜು ಟೂರ್ನಿಯಲ್ಲಿ ಶಾಟ್ ಕ್ಲಾಕ್ ಇರಲಿಲ್ಲ. ಇಷ್ಟು ಸೆಕೆಂಡಿನೊಳಗೆ ಶಾಟ್ ಆಡಲೇಬೇಕು ಅನ್ನುವ ನಿಯಮವಿಲ್ಲ. ಕೋಚ್ ರೋಲಿ ಮ್ಯಾಸಿಮಿನೋ ಹುಡುಗರು ಚೆಂಡನ್ನು ಪಾಸ್ ಮಾಡುತ್ತಾ, ಒಳ್ಳೆಯ ಜಾಗ ಸಿಗುವವರೆಗೂ ಕಾಯುತ್ತಾ ಕಾಲ ತಳ್ಳಿದರು. ಜಾರ್ಜ್‌ಟೌನ್ 53 ಶಾಟ್ ಆಡಿದರೆ ಇವರದು 28. ಬಲ ಕಡಿಮೆ ಇರುವವನಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ: ಆಟವನ್ನು ಚಿಕ್ಕದು ಮಾಡು, ಅದೃಷ್ಟಕ್ಕೆ ಜಾಗ ಬಿಡು. ಹಾಗಾಗಿ ಅದನ್ನು ಬರೀ ಲಾಟರಿ ಅಂತ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಟಿಕೆಟ್ ಕೊಳ್ಳುವುದರಲ್ಲೂ ಜಾಣತನ ಇತ್ತು. ಮುಂದಿನ ಸೀಸನ್‌ಗೆ 45 ಸೆಕೆಂಡಿನ ಶಾಟ್ ಕ್ಲಾಕ್ ಬಂತು, ಆ ಕಿಟಕಿಯೂ ಅರ್ಧ ಮುಚ್ಚಿತು.

ಇನ್ನು 'ಮತ್ತೆ ಗೆಲ್ಲುತ್ತಾರಾ' ಅನ್ನುವ ಪ್ರಶ್ನೆ. 1886ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅಪ್ಪ ಅಮ್ಮಂದಿರ ಎತ್ತರ, ಮಕ್ಕಳ ಎತ್ತರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ತುಂಬಾ ಎತ್ತರದವರ ಮಕ್ಕಳು ಎತ್ತರವೇ, ಆದರೆ ಸರಾಸರಿಯಲ್ಲಿ ಹೆತ್ತವರಷ್ಟು ಎತ್ತರ ಅಲ್ಲ. ಅಳತೆಯೊಂದರಲ್ಲಿ ಗಟ್ಟಿ ಅಂಶವೂ ಆಕಸ್ಮಿಕವೂ ಸೇರಿಕೊಂಡಿದ್ದರೆ ಹೀಗೇ ಆಗುತ್ತದೆ. ವಿಪರೀತ ಒಳ್ಳೆಯ ಫಲಿತಾಂಶ ಬಂದಾಗ ಎರಡೂ ಒಂದೇ ದಿಕ್ಕಿಗೆ ಎಳೆದಿರುತ್ತವೆ. ಮುಂದಿನ ಸಲ ಗಟ್ಟಿ ಅಂಶ ಉಳಿಯುತ್ತದೆ. ಆಕಸ್ಮಿಕ ಹೊಸದಾಗಿ ಶುರುವಾಗುತ್ತದೆ. ತಂಡ ಕೆಡಬೇಕಾಗಿಲ್ಲ, ಆಟಗಾರರಿಗೆ ತಲೆ ತಿರುಗಬೇಕಾಗಿಲ್ಲ. ಸುಮ್ಮನಿದ್ದರೂ ಫಲಿತಾಂಶ ಕೆಳಗೆ ಇಳಿಯುತ್ತದೆ. ಪತ್ರಿಕೆಗಳು ಅದಕ್ಕೊಂದು ಕಾರಣ ಹುಡುಕಿ 'ಅಹಂಕಾರ ಬಂತು' ಅಂತ ಬರೆಯುತ್ತವೆ, ಪಾಪ.

ಆದರೂ ಒಂದು ಗೆಲುವು ಏನನ್ನೂ ಹೇಳುವುದೇ ಇಲ್ಲವಾ? ಹೇಳುತ್ತದೆ. ಇಲ್ಲಿ ಉಪಯೋಗಕ್ಕೆ ಬರುವುದು ಗಣಿತಜ್ಞ ಥಾಮಸ್ ಬೇಯ್ಸ್ ಹೆಸರಿನ ಲೆಕ್ಕ, ಹೊಸ ಸುದ್ದಿ ಬಂದಾಗ ಹಳೆಯ ಅಂದಾಜನ್ನು ತಿದ್ದಿಕೊಳ್ಳುವ ದಾರಿ. ಟೂರ್ನಿಗೆ ಮುಂಚೆ ಒಂದು ತಂಡದ ಬಗ್ಗೆ ನಿಮ್ಮ ಅಂದಾಜು ಹೀಗಿರಲಿ: ಪ್ರತಿ ಪಂದ್ಯದಲ್ಲಿ 50% ಗೆಲ್ಲುವ ಸಾಧಾರಣ ತಂಡ ಇದು ಅನ್ನೋದಕ್ಕೆ 90% ನಂಬಿಕೆ. ಯಾರಿಗೂ ಗೊತ್ತಾಗದೆ 70% ಬಲ ಇಟ್ಟುಕೊಂಡಿರಬಹುದು ಅನ್ನೋದಕ್ಕೆ 10%. ಆಗ ಕಪ್ ಗೆಲ್ಲುವ ಸಾಧ್ಯತೆ ಒಟ್ಟು ಸುಮಾರು 2.6%. ಈಗ ತಂಡ ಗೆದ್ದೇಬಿಟ್ಟಿತು. ಗೆದ್ದ ಸುದ್ದಿ ಸೇರಿಸಿ ಮತ್ತೆ ಲೆಕ್ಕ ಹಾಕಿದರೆ, ಅದು ನಿಜಕ್ಕೂ ಬಲವಾದ ತಂಡ ಅನ್ನುವ ನಂಬಿಕೆ 10%ರಿಂದ ಹತ್ತಿರ ಹತ್ತಿರ 46%ಗೆ ಜಿಗಿಯುತ್ತದೆ. ಅದೇ ಆಟಗಾರರು ಉಳಿದುಕೊಂಡರೆ ಮುಂದಿನ ವರ್ಷ ಗೆಲ್ಲುವ ಸಾಧ್ಯತೆ ಸುಮಾರು 6%. ಅಂಕಿಗಳು ನಾನು ಉದಾಹರಣೆಗೆ ಇಟ್ಟವು, ಆದರೆ ಲೆಕ್ಕದ ಗುಣ ಅದೇ. ಛಲ ಇದೆ ಅನ್ನುವವರು ಸರಿ, ಸಾಧ್ಯತೆ ದುಪ್ಪಟ್ಟಿಗಿಂತ ಜಾಸ್ತಿ ಆಯಿತು. ಲಾಟರಿ ಅನ್ನುವವರೂ ಸರಿ, 94% ಪಾಲು ಸೋಲಿನ ಕಡೆಗೇ ಇದೆ.

'ಅದೇ ಆಟಗಾರರು ಉಳಿದುಕೊಂಡರೆ' ಅನ್ನುವ ಮಾತಿನಲ್ಲೇ ಕಾಲೇಜು ತಂಡಗಳ ಗೋಳು ಇದೆ. ವಿಲನೋವಾದ ಎಡ್ ಪಿಂಕ್ನಿ, ಡ್ವೇನ್ ಮೆಕ್ಲೇನ್, ಗ್ಯಾರಿ ಮೆಕ್ಲೇನ್ ಮೂವರೂ ಕೊನೆಯ ವರ್ಷದವರು. ಡಿಗ್ರಿ ಮುಗಿಯಿತು, ಹೋದರು. 1986ರಲ್ಲಿ ತಂಡ 10ನೇ ಸೀಡ್ ಆಗಿ ಬಂದು ಎರಡನೇ ಸುತ್ತಿನಲ್ಲಿ ಜಾರ್ಜಿಯಾ ಟೆಕ್‌ಗೆ ಸೋತಿತು. ಕನೆಕ್ಟಿಕಟ್ 2014ರಲ್ಲಿ 7ನೇ ಸೀಡ್ ಆಗಿ ಬಂದು ಕಪ್ ಎತ್ತಿತು. ತಂಡದ ಮುಖ್ಯ ಆಟಗಾರ ಶಬಾಜ್ ನೇಪಿಯರ್ ಹೋದ ಮೇಲೆ, 2015ರಲ್ಲಿ ಟೂರ್ನಿಗೆ ಆಯ್ಕೆಯೇ ಆಗಲಿಲ್ಲ. ಇದಕ್ಕೆ ಉಲ್ಟಾ ಉದಾಹರಣೆ ಫ್ಲೋರಿಡಾ. 2005ರ ಸೀಸನ್ ಶುರುವಾದಾಗ ರ‍್ಯಾಂಕಿಂಗ್ ಪಟ್ಟಿಯಲ್ಲೂ ಇರದ ತಂಡ, 2006ರಲ್ಲಿ 3ನೇ ಸೀಡ್ ಆಗಿ ಗೆದ್ದಿತು. ಜೋಕಿಮ್ ನೋವಾ, ಆಲ್ ಹಾರ್ಫೋರ್ಡ್, ಕೋರಿ ಬ್ರೂವರ್ ಸೇರಿ ಐದೂ ಜನ ಆರಂಭದ ಆಟಗಾರರು ದುಡ್ಡಿನ ಲೀಗ್‌ಗೆ, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ, ಹೋಗದೆ ವಾಪಸ್ ಬಂದರು. 2007ರಲ್ಲಿ ಮತ್ತೆ ಕಪ್. ಅಷ್ಟರಲ್ಲಿ ಅವರು 1ನೇ ಸೀಡ್ ಆಗಿದ್ದರು, ದುರ್ಬಲರ ಸಾಲಿನಲ್ಲಿ ಇರಲೇ ಇಲ್ಲ.

ತಂಡ ಒಡೆಯದೆ ಇನ್ನೂ ಚೆನ್ನಾಗಿ ಆಡಿದರೂ ಸೋಲಬಹುದು ಅನ್ನೋದಕ್ಕೆ ಎನ್‌ಬಿಎ ಲೀಗ್‌ನ ಗೋಲ್ಡನ್ ಸ್ಟೇಟ್ ಇದೆ. 1975ರಲ್ಲಿ ಲೀಗ್ ಹಂತದಲ್ಲಿ 48 ಪಂದ್ಯ ಗೆದ್ದ ಈ ತಂಡ, 60 ಗೆದ್ದಿದ್ದ ವಾಷಿಂಗ್ಟನ್‌ನ ಬುಲೆಟ್ಸ್ ತಂಡವನ್ನು ಫೈನಲ್‌ನಲ್ಲಿ 4-0 ಇಂದ ಗುಡಿಸಿ ಹಾಕಿತು. ಮರುವರ್ಷ 59 ಗೆದ್ದು ಇಡೀ ಲೀಗ್‌ಗೇ ಮೊದಲಾಯಿತು. ಆದರೆ ಏಳು ಪಂದ್ಯಗಳ ಸರಣಿಯ ಕೊನೆಯದನ್ನು, ತನ್ನದೇ ಅಂಗಳದಲ್ಲಿ, ಫೀನಿಕ್ಸ್‌ಗೆ ಸೋತಿತು. ಫೀನಿಕ್ಸ್ ಗೆದ್ದಿದ್ದು 42, ಸೋತಿದ್ದು 40. ಏಳು ಪಂದ್ಯದ ಸರಣಿ ಸಾಮಾನ್ಯವಾಗಿ ಬಲಿಷ್ಠರನ್ನು ಕಾಪಾಡುತ್ತದೆ. ಒಂದು ಪಂದ್ಯದಲ್ಲಿ 30% ಅವಕಾಶ ಇರುವ ತಂಡಕ್ಕೆ ಸರಣಿ ಗೆಲ್ಲುವ ಅವಕಾಶ ಸುಮಾರು 13%ಗೆ ಇಳಿಯುತ್ತದೆ. ಇಳಿಯುತ್ತದೆ ಅಷ್ಟೇ, ಸೊನ್ನೆಯಾಗುವುದಿಲ್ಲ.

ಹಾಗಾದರೆ 'ಕೈ ಕುದುರಿದೆ' ಅಂತಾರಲ್ಲ, ಅದು? ವಿಲನೋವಾ ಗೆದ್ದ 1985ರಲ್ಲೇ, ಅದೇ ಫಿಲಡೆಲ್ಫಿಯಾದ ಎನ್‌ಬಿಎ ತಂಡ ಸೆವೆಂಟಿ ಸಿಕ್ಸರ್ಸ್‌ನ ಶಾಟ್‌ಗಳನ್ನು ಎಣಿಸಿ ಥಾಮಸ್ ಗಿಲೊವಿಚ್, ರಾಬರ್ಟ್ ವಲ್ಲೋನ್, ಏಮಸ್ ಟ್ವರ್ಸ್ಕಿ ಒಂದು ಪ್ರಬಂಧ ಬರೆದರು. ಶಾಟ್ ಬಿದ್ದ ಮೇಲೆ ಮುಂದಿನದೂ ಬೀಳುವ ಸಾಧ್ಯತೆ ಜಾಸ್ತಿಯೇನೂ ಆಗಲ್ಲ, ಅದು ಕಣ್ಣಿನ ಭ್ರಮೆ ಅಂದರು. 2018ರಲ್ಲಿ ಜೋಶುವಾ ಮಿಲ್ಲರ್, ಆಡಂ ಸಾನ್‌ಹುರ್ಹೊ ಆ ಎಣಿಕೆಯಲ್ಲೇ ಒಂದು ಸೂಕ್ಷ್ಮ ಓರೆ ಇದೆ ಅಂತ ತೋರಿಸಿದರು. ಒಂದು ನಾಣ್ಯ ತೆಗೆದುಕೊಂಡು ನೀವೇ ನೋಡಬಹುದು. ಮೂರು ಸಲ ಚಿಮ್ಮಿದರೆ ಬರಬಹುದಾದ ಕ್ರಮ ಎಂಟು. ಅದರಲ್ಲಿ ಎರಡರಲ್ಲಿ ಹೆಡ್ ಬಿದ್ದ ಮೇಲೆ ಚಿಮ್ಮುವ ಪ್ರಸಂಗವೇ ಇಲ್ಲ. ಉಳಿದ ಆರರಲ್ಲಿ, ಹೆಡ್ ಆದ ಮೇಲೆ ಮತ್ತೆ ಹೆಡ್ ಬಿದ್ದ ಪಾಲು ಎಷ್ಟು ಅಂತ ಒಂದೊಂದಕ್ಕೂ ಬರೆದು ಸರಾಸರಿ ತೆಗೆಯಿರಿ. 50% ಬರಲ್ಲ, ಸುಮಾರು 42% ಬರುತ್ತದೆ. ಹಾಗಿದ್ದ ಮೇಲೆ ಆಟಗಾರನ ಲೆಕ್ಕ ಸಮಸಮ ಬಂದರೆ, ಕೈ ನಿಜಕ್ಕೂ ಸ್ವಲ್ಪ ಕುದುರಿತ್ತು ಅಂತಲೇ ಅರ್ಥ. ಅಭಿಮಾನಿಗಳಿಗೆ ಖುಷಿಯ ಸುದ್ದಿ, ಅಲ್ವಾ? ಆದರೆ ಆ ಕುದುರುವಿಕೆ ಆ ಹೊತ್ತಿನದು, ಹೆಚ್ಚೆಂದರೆ ಆ ಸಂಜೆಯದು. ಮುಂದಿನ ವರ್ಷದ ಟೂರ್ನಿವರೆಗೆ ಯಾರ ಕೈಯೂ ಬಿಸಿಯಾಗಿ ಇರುವುದಿಲ್ಲ.

ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಸಾಹಸ ಕಪ್ಪನ್ನೇ ಗೆಲ್ಲದ ತಂಡದ್ದು. ಇಂಡಿಯಾನಾಪೊಲಿಸ್‌ನ ಬಟ್ಲರ್ ಚಿಕ್ಕ ವಿಶ್ವವಿದ್ಯಾಲಯ. ಬ್ರಾಡ್ ಸ್ಟೀವನ್ಸ್ ಕೋಚ್. 2010ರಲ್ಲಿ 5ನೇ ಸೀಡ್ ಆಗಿ ಫೈನಲ್‌ಗೆ ಬಂದು ಡ್ಯೂಕ್‌ಗೆ 61-59ರಿಂದ ಸೋತರು. ಗಾರ್ಡನ್ ಹೇವರ್ಡ್ ಕೊನೆ ಗಳಿಗೆಯಲ್ಲಿ ಅರ್ಧ ಅಂಗಳದಿಂದ ಎಸೆದ ಚೆಂಡು ರಿಂಗಿಗೆ ತಾಗಿ ಆಚೆ ಬಿತ್ತು. ಹೇವರ್ಡ್ ಎನ್‌ಬಿಎಗೆ ಹೋದ. ಆದರೂ 2011ರಲ್ಲಿ 8ನೇ ಸೀಡ್ ಆಗಿ ಬಟ್ಲರ್ ಮತ್ತೆ ಫೈನಲ್‌ಗೆ ಬಂತು! ಅಲ್ಲಿ ಅಂಕಿಗಳ ಇನ್ನೊಂದು ಮುಖ ಎದುರಾಯಿತು: 64 ಶಾಟ್ ಆಡಿ ಒಳಗೆ ಹಾಕಿದ್ದು 12. ಕನೆಕ್ಟಿಕಟ್ 53, ಬಟ್ಲರ್ 41.

ನಿರ್ದಿಷ್ಟವಾಗಿ ಇದೇ ತಂಡ ಮತ್ತೆ ಗೆಲ್ಲಬೇಕು ಅಂದರೆ ಕಷ್ಟ. ಇಂಥದ್ದೊಂದು ತಂಡ ಯಾವತ್ತಾದರೂ ಗೆಲ್ಲುತ್ತಾ ಅಂತ ಕೇಳಿದರೆ ಅದು ಬೇರೆಯೇ ಪ್ರಶ್ನೆ, ಉತ್ತರವೂ ಮೆದು. ಪ್ರತಿ ವರ್ಷ ನಾಲ್ಕು 8ನೇ ಸೀಡ್‌ಗಳು ಕಣಕ್ಕೆ ಇಳಿಯುತ್ತವೆ. ಎಷ್ಟೋ ವರ್ಷ ಕಾದರೆ ಯಾವುದಾದರೂ ಒಂದಕ್ಕೆ ನಾಣ್ಯ ಆರು ಸಲ ಸರಿಯಾಗಿ ಬೀಳಬೇಕು. 1985ರ ನಂತರ ಮೂರು ಸಲ 8ನೇ ಸೀಡ್ ತಂಡ ಫೈನಲ್ ತಲುಪಿದೆ: 2011ರಲ್ಲಿ ಬಟ್ಲರ್, 2014ರಲ್ಲಿ ಕೆಂಟಕಿ, 2022ರಲ್ಲಿ ನಾರ್ತ್ ಕೆರೊಲಿನಾ. ಮೂರೂ ಸೋತವು. ನಾರ್ತ್ ಕೆರೊಲಿನಾ ಅರ್ಧ ಆಟಕ್ಕೆ ಕ್ಯಾನ್ಸಸ್‌ಗಿಂತ 15 ಅಂಕ ಮುಂದೆ ಇತ್ತು. ಕೊನೆಗೆ ಸೋತಿದ್ದು 72-69ರಿಂದ.