ಪೆನ್ ಡ್ರೈವ್ ತಲುಪಿದೆ, ಕೃತಿ ಇನ್ನೂ ತಲುಪಿಲ್ಲ

ಸಂಗ್ರಹಾಲಯಕ್ಕೆ ವಿಡಿಯೊ ಕೃತಿ ಕೊಡುವವರು, ಕಲಾವಿದರಿರಲಿ, ಅವರ ಮನೆಯವರಿರಲಿ, ಪೆನ್ ಡ್ರೈವ್ ಕೈಗಿಟ್ಟು ‘ಎಲ್ಲಾ ಇದರಲ್ಲೇ ಇದೆ’ ಅಂದುಬಿಡುತ್ತಾರೆ. ತೆರೆದರೆ ಒಂದೇ ಒಂದು ಎಂಪಿ4. ಯಾವುದೋ ಪ್ರದರ್ಶನಕ್ಕೆಂದು ಕುಗ್ಗಿಸಿದ್ದು, ಕೆಲವೊಮ್ಮೆ ವಾಟ್ಸ್ಆ್ಯಪ್‌ನಲ್ಲಿ ಓಡಾಡಿ ಬಂದದ್ದು. ಕುಗ್ಗಿಸುವಾಗ ಹೋದ ವಿವರ ಮತ್ತೆ ಸಿಗುವುದಿಲ್ಲ. ನಮಗೆ ಬೇಕಾದ್ದು ಎಡಿಟಿಂಗ್ ಮುಗಿದಾಗ ಹೊರತೆಗೆದ ಮಾಸ್ಟರ್. ಎಡಿಟಿಂಗ್‌ಗೆ ಬಳಸುವ ಉತ್ತಮ ಗುಣಮಟ್ಟದ ಫಾರ್ಮ್ಯಾಟ್ ಪ್ರೊರೆಸ್ 422 ಎಚ್‌ಕ್ಯೂ ಇದ್ದರೆ ಸಾಕು. ಮಿನಿಡಿವಿ ಎಂಬ ಚಿಕ್ಕ ವಿಡಿಯೊ ಕ್ಯಾಸೆಟ್‌ನಲ್ಲಿ ಚಿತ್ರೀಕರಿಸಿದ್ದರೆ ಆ ಕ್ಯಾಸೆಟ್ಟೂ ಬೇಕು. ‘ಕಾಪಿ ಆಯ್ತಲ್ಲ’ ಎಂದು ದಯವಿಟ್ಟು ಎಸೆಯಬೇಡಿ.

ಮಾಸ್ಟರ್ ಬಂದರೂ ಕೆಲಸ ಮುಗಿಯಲಿಲ್ಲ. ಎಷ್ಟು ಹೇಳಿದರೂ ತಲೆಗೆ ಹೋಗದ ಮಾತು ಇದೇ: ಹೇಗೆ ತೋರಿಸಬೇಕು ಎಂಬುದೂ ಕೃತಿಯ ಭಾಗ. ನಮ್ಮ ಹಳೆಯ ಟಿ.ವಿ. ಪದ್ಧತಿಯಾದ ಪಾಲ್ ವಿಡಿಯೊ 720×576 ಪಿಕ್ಸೆಲ್, 4:3 ಅಳತೆ, ಸೆಕೆಂಡಿಗೆ 25 ಫ್ರೇಮ್; ಒಂದೊಂದು ಫ್ರೇಮೂ ಬೆಸ ಗೆರೆ, ಸಮ ಗೆರೆ ಎಂದು ಎರಡು ಕಂತಿನಲ್ಲಿ ಮೂಡುತ್ತದೆ. ಈಗಿನ 16:9 ಟಿ.ವಿ.ಯಲ್ಲಿ ಸುಮ್ಮನೆ ಓಡಿಸಿದರೆ ಮುಖ ಅಡ್ಡಕ್ಕೆ ಹಿಗ್ಗುತ್ತದೆ, ಕೈ ಬೀಸಿದ ಕಡೆ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ. ಎರಡನ್ನೂ ಸರಿಪಡಿಸಬಹುದು. ಆದರೆ ಕಲಾವಿದರಿಗೆ ಬೇಕಿದ್ದದ್ದು ಹಳೆಯ ಡಬ್ಬಾ ಟಿ.ವಿ.ಯೇ ಆಗಿದ್ದರೆ? ನಾವು ಊಹಿಸಬಾರದು, ಅವರು ಬರೆದಿಡಬೇಕು.

ಹಳೆಯ ಟಿ.ವಿ.ಯನ್ನೇ ಉಳಿಸಿಕೊಳ್ಳುವುದು ಸುಲಭವಲ್ಲ. ದಕ್ಷಿಣ ಕೊರಿಯಾದ ಗ್ವಾಚನ್‌ನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ ವಿಡಿಯೊ ಕಲಾವಿದ ನಾಮ್ ಜೂನ್ ಪೈಕ್ 1988ರಲ್ಲಿ 1,003 ಟಿ.ವಿ.ಗಳ ಗೋಪುರ ನಿಲ್ಲಿಸಿದರು. ಪರದೆಗಳು ಕೆಟ್ಟು 2018ರಲ್ಲಿ ಅದನ್ನು ಆರಿಸಬೇಕಾಯಿತು. 737 ಟಿ.ವಿ.ಗಳನ್ನು ದುರಸ್ತಿ ಮಾಡಿ ಇಲ್ಲವೇ ಹಳೆಯದೇ ಬೇರೆ ಹುಡುಕಿ ಹಾಕಿ, ಮೇಲ್ಭಾಗದ 266 ಚಿಕ್ಕವಕ್ಕೆ ಹೊರರೂಪ ಉಳಿಸಿಕೊಂಡು ಎಲ್‌ಸಿಡಿ ಜೋಡಿಸಿ, 2022ರಲ್ಲಿ ಮತ್ತೆ ಹೊತ್ತಿಸಿದರು. ಅಷ್ಟು ದೊಡ್ಡ ಸಂಸ್ಥೆಗೇ ನಾಲ್ಕು ವರ್ಷ ಹಿಡಿಯಿತು.

ಕಲಾವಿದರು ಬರೆದಿಡಬೇಕಾದದ್ದಕ್ಕೆ ಒಂದು ಹಾಳೆ ಸಾಕು. ಪರದೆಯೋ ಪ್ರೊಜೆಕ್ಟರೋ, ಚಿತ್ರದ ಅಗಲ ಎಷ್ಟು, ಕೋಣೆ ಎಷ್ಟು ಕತ್ತಲಿರಬೇಕು, ಧ್ವನಿ ಸ್ಪೀಕರಿನಲ್ಲೋ ಹೆಡ್‌ಫೋನಿನಲ್ಲೋ, ಲೂಪಿನಲ್ಲಿ ಮತ್ತೆ ಮತ್ತೆ ಓಡುವಾಗ ನಡುವೆ ಪರದೆ ಕಪ್ಪಾಗಿರಬೇಕಾದ್ದು ಎಷ್ಟು ಸೆಕೆಂಡು. ಮುಖ್ಯವಾಗಿ, ಏನನ್ನು ಬದಲಿಸಬಹುದು, ಏನನ್ನು ಮುಟ್ಟಲೇಬಾರದು. ಎಡಿಷನ್ ಸಂಖ್ಯೆ (ಕೃತಿಯ ಒಟ್ಟು ಪ್ರತಿಗಳಲ್ಲಿ ಇದು ಎಷ್ಟನೆಯದು), ಸಹಿ ಇರಲಿ.

ಫೈಲ್ ನಮ್ಮ ಕೈಸೇರಿದ ಮೇಲೆ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ದಾಖಲಿಸುತ್ತೇವೆ. ಒಂದು ಬಿಟ್ ಬದಲಾದರೂ ಅದು ಹೇಳುತ್ತದೆ. ಫೈಲಿನ ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟ, ಚಿಪ್‌ನಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯನ್ನು ನಂಬಬೇಡಿ.

ಇನ್ನು ಹಕ್ಕು. ಪ್ರತಿ ಕೊಟ್ಟ ಮಾತ್ರಕ್ಕೆ ಸಂಗ್ರಹಾಲಯಕ್ಕೆ ಕಾಪಿರೈಟ್ ಬರುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ನಮೂದಿಸದಿದ್ದರೆ ಸಾಮಾನ್ಯವಾಗಿ ಐದೇ ವರ್ಷ, ವ್ಯಾಪ್ತಿ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪ್ರದರ್ಶಿಸಲು, ಸಂರಕ್ಷಣೆಗಾಗಿ ಪ್ರತಿ ತೆಗೆಯಲು, ಹೊಸ ಫಾರ್ಮ್ಯಾಟ್‌ಗೆ ಬದಲಿಸಲು ಅನುಮತಿಯನ್ನು ಬಿಡಿಬಿಡಿಯಾಗಿ ಬರೆಸಿ, ಕರಡನ್ನು ವಕೀಲರಿಗೆ ತೋರಿಸಿ. ಕಲಾವಿದರು ಇರುವಾಗಲೇ ಇದಾಗಲಿ. ಆಮೇಲೆ ವಾರಸುದಾರರೆಲ್ಲರ ಸಹಿ ಬೇಕಾಗಬಹುದು.