ಟ್ರಾಯ್‌ನಲ್ಲಿ ಮೊದಲು ಸತ್ತವನು: ಪ್ರೊಟೆಸಿಲಾಸ್ ಮರೆಯಾಗಲಿಲ್ಲ ಯಾಕೆ?

ಟ್ರಾಯ್ ದಡಕ್ಕೆ ಬಂದ ಗ್ರೀಕರಲ್ಲಿ ಹಡಗಿನಿಂದ ಮೊದಲು ಹಾರಿದವನು ಪ್ರೊಟೆಸಿಲಾಸ್. ಮೊದಲು ಸತ್ತವನೂ ಅವನೇ. ಟ್ರಾಯ್ ಯುದ್ಧದ ಬಗ್ಗೆ ಹೋಮರ್ ಹಾಡಿದ ಗ್ರೀಕ್ ಮಹಾಕಾವ್ಯ ಇಲಿಯಡ್ ಶುರುವಾಗುವ ಹೊತ್ತಿಗೆ ಅವನು ಮಣ್ಣು ಸೇರಿ ವರ್ಷಗಳಾಗಿವೆ. ಎರಡನೇ ಸರ್ಗದ ಹಡಗುಗಳ ಪಟ್ಟಿಯಲ್ಲಿ ಹೋಮರ್ ಅವನಿಗೆ ಕೊಡುವುದು ಕೆಲವೇ ಸಾಲು. ಥೆಸ್ಸಲಿಯ ಫಿಲಾಕೆಯವನು, 40 ಹಡಗು ತಂದಿದ್ದ, ಈಗ ತಮ್ಮ ಪೊಡಾರ್ಕೀಸ್ ಆ ಪಡೆ ನಡೆಸುತ್ತಿದ್ದಾನೆ. ಜೊತೆಗೆ ಊರಲ್ಲಿ ಕೆನ್ನೆ ಪರಚಿಕೊಂಡು ಅಳುವ ಹೆಂಡತಿ, ಅರ್ಧಕ್ಕೇ ನಿಂತ ಮನೆ. ಇಡೀ ಪಟ್ಟಿಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಆ ಮನೆಯೇ.

ಮುಂದಿನ ಕವಿಗಳು ಹೆಂಡತಿಯನ್ನು ಹಿಡಿದುಕೊಂಡರು. ಹೋಮರ್ ಹೇಳದ ಹೆಸರು ಬಂತು: ಲಾವೊಡಾಮಿಯಾ. ಸತ್ತ ಗಂಡನನ್ನು ದೇವತೆಗಳು ಸ್ವಲ್ಪ ಹೊತ್ತಿಗೆ ವಾಪಸ್ ಕಳಿಸಿದರು ಎಂಬ ಕಥೆಯೂ ಹುಟ್ಟಿತು.

ಆದರೆ ಅವನನ್ನು ಉಳಿಸಿದ್ದು ಬರೀ ಕಾವ್ಯವಲ್ಲ, ಪೂಜೆ. ಟ್ರಾಯ್‌ಗೆ ಎದುರು, ಈಗಿನ ಟರ್ಕಿಯ ಗಲ್ಲಿಪೊಲಿ ಪರ್ಯಾಯ ದ್ವೀಪದ ತುದಿಯಲ್ಲಿದ್ದ ಎಲೆಯಸ್ ಊರಿನಲ್ಲಿ ಅವನ ಸಮಾಧಿ, ಗುಡಿ ಎರಡೂ ಇದ್ದವು. ಕಾಣಿಕೆಯಾಗಿ ಬಂದ ಚಿನ್ನ, ಬೆಳ್ಳಿಯೂ ಸೇರಿತ್ತು.

ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ತನ್ನ ಗ್ರಂಥದ ಕೊನೆಗೆ ಹೇಳುವ ಘಟನೆ ಇಲ್ಲಿಯದೇ. ಪರ್ಷಿಯಾದ ಅಧಿಕಾರಿ ಅರ್ಟಾಯಿಕ್ಟೀಸ್ ಈ ಗುಡಿಯ ಸಂಪತ್ತಿನ ಮೇಲೆ ಕಣ್ಣಿಟ್ಟ. 'ನಿಮ್ಮ ನೆಲದ ಮೇಲೆ ದಂಡೆತ್ತಿ ಬಂದು ಸತ್ತ ಒಬ್ಬ ಗ್ರೀಕನ ಮನೆ ಇದೆ, ನನಗೆ ಕೊಡಿ' ಎಂದು ದೊರೆ ಜರ್ಕ್ಸೀಸ್‌ನನ್ನು ಕೇಳಿದ. ಸುಮ್ನೆ ಒಂದು ಮನೆ ಅಂದುಕೊಂಡ ದೊರೆ ಒಪ್ಪಿದ. ಇವನು ಗುಡಿ ದೋಚಿ, ಅದರ ಜಾಗವನ್ನು ಉತ್ತು ಬಿತ್ತಿದ.

ಕ್ರಿ.ಪೂ. 479ರಲ್ಲಿ ಅಥೆನ್ಸಿನವರು ಅವನನ್ನು ಹಿಡಿದರು. ಕಾವಲುಗಾರನೊಬ್ಬ ಒಣಮೀನು ಸುಡುತ್ತಿದ್ದ. ಬೆಂಕಿಯ ಮೇಲೆ ಮೀನು ಆಗ ತಾನೇ ಬಲೆಗೆ ಬಿದ್ದ ಹಾಗೆ ಒದ್ದಾಡಿತಂತೆ. 'ಈ ಶಕುನ ನಿನಗಲ್ಲ, ನನಗೆ' ಎಂದ ಅರ್ಟಾಯಿಕ್ಟೀಸ್. ಸತ್ತು ಒಣಗಿದ್ದರೂ ತಪ್ಪು ಮಾಡಿದವನನ್ನು ದಂಡಿಸುವ ಬಲ ಪ್ರೊಟೆಸಿಲಾಸ್‌ಗೆ ಇದೆ ಎಂದು ಅವನಿಗೆ ಗೊತ್ತಾಗಿತ್ತು. ಗುಡಿಗೆ 100 ಟ್ಯಾಲೆಂಟ್ (ಬೆಳ್ಳಿ ತೂಗುವ ಆಗಿನ ದೊಡ್ಡ ಅಳತೆ), ತನ್ನ ಮತ್ತು ಮಗನ ಪ್ರಾಣಕ್ಕೆ 200 ಟ್ಯಾಲೆಂಟ್ ಕೊಡುತ್ತೇನೆಂದು ಬೇಡಿಕೊಂಡ. ಎಲೆಯಸ್ ಜನ ಬಿಡಲಿಲ್ಲ. ಅಥೆನ್ಸಿನವರು ಅವನನ್ನು ಹಲಗೆಗೆ ಮೊಳೆ ಹೊಡೆದು ನೇತುಹಾಕಿದರು, ಕಣ್ಣೆದುರೇ ಮಗನನ್ನು ಕಲ್ಲು ಹೊಡೆದು ಕೊಂದರು. ಮಗ ಏನು ತಪ್ಪು ಮಾಡಿದ್ದ?

ಕ್ರಿ.ಪೂ. 334ರಲ್ಲಿ ಏಷ್ಯಾಕ್ಕೆ ದಾಟುವ ಮುನ್ನ ಅಲೆಕ್ಸಾಂಡರ್ ಇದೇ ಸಮಾಧಿಯಲ್ಲಿ ಬಲಿ ಕೊಟ್ಟ. ತನ್ನ ಕಾಲಾದರೂ ಆ ದಡದಲ್ಲಿ ಶುಭವಾಗಿ ಊರಲಿ ಎಂಬ ಆಸೆ.

ಕ್ರಿ.ಶ. 3ನೇ ಶತಮಾನದಲ್ಲಿ ಗ್ರೀಕ್ ಲೇಖಕ ಫಿಲೋಸ್ಟ್ರಾಟಸ್ ಬರೆದ ಸಂಭಾಷಣೆಯೊಂದರಲ್ಲಿ ಎಲೆಯಸ್‌ನ ದ್ರಾಕ್ಷಿತೋಟದವನಿಗೆ ಪ್ರೊಟೆಸಿಲಾಸ್ ಕಾಣಿಸಿಕೊಳ್ಳುತ್ತಾನೆ, ಗಿಡಗಳ ಆರೈಕೆ ಹೇಳಿಕೊಡುತ್ತಾನೆ. ಅಷ್ಟೇ ಅಲ್ಲ, ಟ್ರಾಯ್‌ನಲ್ಲಿ ನಿಜವಾಗಿ ನಡೆದದ್ದೇನು, ಹೋಮರ್ ಎಲ್ಲಿ ತಪ್ಪಿದ ಎಂದೂ ವಿವರಿಸುತ್ತಾನೆ.